ಕಾಡಿಗೆ ವಿಶ್ವಮನ್ನಣೆ, ಮನೆಗೆ ಹಕ್ಕುಪತ್ರವಿಲ್ಲ

ಕೆನ್ಯಾದ ಕರಾವಳಿ ನಗರ ಮೊಂಬಾಸಾದಲ್ಲಿದ್ದೇನೆ ಅಂದರೆ ಊರಿನವರು ಸಿಂಹ, ಸಫಾರಿ ಕೇಳುತ್ತಾರೆ. ನನಗೆ ಹೇಳಬೇಕು ಅನಿಸುವುದು ಇಲ್ಲಿನ ಮಿಜಿಕೆಂಡ ಜನರ ಬಗ್ಗೆ. ಗಿರಿಯಾಮ, ಡಿಗೊ, ದುರುಮ, ರಬಾಯಿ, ಹೀಗೆ ಒಂಬತ್ತು ಪಂಗಡಗಳು. ಆಡುವ ನುಡಿಗಳು ಆಫ್ರಿಕಾದ ಬಂಟು ಭಾಷಾಕುಟುಂಬದವು, ಸ್ವಾಹಿಲಿಗೆ ಹತ್ತಿರ.

ಇವರ ನಂಬಿಕೆಯೆಲ್ಲ ಕಾಯಾ ಎಂಬ ಕಾಡುಗಳ ಸುತ್ತ. ಉತ್ತರದ ಸಿಂಗ್ವಾಯಾದಿಂದ ಓಡಿಬಂದ ಹಿರಿಯರು ಕಾಡಿನ ನಡುವೆ ಬೇಲಿ ಕಟ್ಟಿ ಊರು ಮಾಡಿಕೊಂಡರಂತೆ. ಆಮೇಲೆ ಜನ ಹೊರಗೆ ಬಂದು ನೆಲೆಸಿದರು, ಕಾಡು ಮಾತ್ರ ಹಿರಿಯರ ಜಾಗವಾಗಿ ಉಳಿಯಿತು. ನಮ್ಮ ಕೊಡಗಿನ ದೇವರಕಾಡಿನ ಹಾಗೇ, ಅಲ್ವಾ? ಡಿಯಾನಿ ಹತ್ತಿರದ ಕಾಯಾ ಕಿನೊಂಡೊಗೆ ಹೋದವರು ಸೊಂಟಕ್ಕೆ ಕಪ್ಪು ಬಟ್ಟೆ ಸುತ್ತಿಕೊಳ್ಳಬೇಕು, ಕಾಡಿನಿಂದ ಏನನ್ನೂ ತರಬಾರದು. 2008ರಲ್ಲಿ ಯುನೆಸ್ಕೊ ಮಿಜಿಕೆಂಡರ ಕಾಯಾಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಡಿಗೊಗಳಲ್ಲಿ ಜಾಸ್ತಿ ಜನ ಮುಸ್ಲಿಮರು. ರಬಾಯಿಗೆ 1840ರ ದಶಕದಲ್ಲೇ ಜರ್ಮನಿಯ ಪಾದ್ರಿ ಕ್ರಾಫ್ ಬಂದಿದ್ದರು. ಆದರೂ ಮಸೀದಿಗೋ ಚರ್ಚಿಗೋ ಹೋಗುವ ಎಷ್ಟೋ ಮನೆಗಳಲ್ಲಿ ಸತ್ತ ಹಿರಿಯರನ್ನು ಮರೆಯುವುದಿಲ್ಲ. ಅವರನ್ನು ಕೋಮಾ ಅನ್ನುತ್ತಾರೆ. ಅವರಿಗೆ ತೆಂಗಿನ ಕಳ್ಳು, ಅಂದರೆ ಮ್ನಾಜಿ, ಎರೆಯುತ್ತಾರೆ. ಮದುವೆ ಮಾತುಕತೆಗೂ ಅದೇ ಬೇಕು.

ಗಿರಿಯಾಮರಲ್ಲಿ ಗೋಹು ಎಂಬ ಹಿರಿಯರ ಕೂಟವಿದೆ. ಅದರ ಸದಸ್ಯ ತೀರಿಕೊಂಡರೆ ಅವರ ಹೆಸರಲ್ಲಿ ಕೆತ್ತಿದ ಮರದ ಕಂಬ ನೆಡುತ್ತಾರೆ. ಅವೇ ವಿಗಾಂಗೊ. ನೆಟ್ಟ ಮೇಲೆ ಕೀಳುವಂತಿಲ್ಲ. ಅಂಥವನ್ನು ಕದ್ದು ಮಾರಿದರು, ನೂರಾರು ಕಂಬಗಳು ಅಮೆರಿಕದ ಮ್ಯೂಸಿಯಂಗಳಿಗೆ ಸೇರಿದವು. ಕೆಲವು ಮಾತ್ರ ವಾಪಸ್ ಬಂದಿವೆ. ಒಬ್ಬರ ಅಜ್ಜನನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವುದು ನನಗಂತೂ ಸಹಿಸಲಾಗದ ವಿಷಯ.

ಇಲ್ಲಿನ ಹೋರಾಟವೂ ಕಾಯಾದಿಂದಲೇ ಹುಟ್ಟಿದ್ದು. 1913ರಲ್ಲಿ ಮೆಕಟಿಲಿಲಿ ವಾ ಮೆಂಜಾ ಎಂಬ ಗಿರಿಯಾಮ ಹೆಂಗಸು ಕಿಫುಡು ಕುಣಿತ ಕುಣಿಯುತ್ತಾ ಊರೂರು ತಿರುಗಿ, ಬ್ರಿಟಿಷರಿಗೆ ತೆರಿಗೆ, ಆಳು ಏನನ್ನೂ ಕೊಡಬೇಡಿ ಎಂದಳು. ಅವಳನ್ನು ಹಿಡಿದು ದೂರದ ಪಶ್ಚಿಮ ಕೆನ್ಯಾಕ್ಕೆ ಗಡೀಪಾರು ಮಾಡಿದರು. ತಪ್ಪಿಸಿಕೊಂಡು ನಡೆದೇ ಊರು ಸೇರಿದಳು ಎಂದು ಜನ ಹೇಳುತ್ತಾರೆ. 1914ರಲ್ಲಿ ಬ್ರಿಟಿಷರು ಗಿರಿಯಾಮರ ಕಾಯಾ ಫುಂಗೊವನ್ನು ಡೈನಮೈಟ್ ಇಟ್ಟು ಸ್ಫೋಟಿಸಿದರು.

ಈಗಿನ ನೋವು ಭೂಮಿಯದು. ಕರಾವಳಿಯ ಹತ್ತು ಮೈಲಿ ಅಗಲದ ಪಟ್ಟಿ ಆಗ ಜಾಂಜಿಬಾರ್ ಸುಲ್ತಾನನದು. 1908ರಲ್ಲಿ ಜಮೀನಿನ ಹಕ್ಕುಪತ್ರದ ಕಾಯ್ದೆ ಬಂದಾಗ ಅಲ್ಲಿ ಕಾಗದ ಮಾಡಿಸಿಕೊಂಡವರು ಬೇರೆಯವರು, ಮಿಜಿಕೆಂಡರ ಕೈಗೆ ಸಿಕ್ಕಿದ್ದು ತೀರಾ ಕಡಿಮೆ. ಯಾರೂ ಕೇಳದೆ ಉಳಿದದ್ದು ಸರ್ಕಾರದ್ದಾಯಿತು. ಹಾಗಾಗಿ ಅಜ್ಜನ ಕಾಲದ ತೆಂಗಿನ ತೋಟದಲ್ಲೇ ಇವತ್ತು ಎಷ್ಟೋ ಜನ ಸ್ಕ್ವಾಟರ್‌ಗಳು, ಅಂದರೆ ಕಾಗದವಿಲ್ಲದೆ ನೆಲೆಸಿದವರು. ಹಕ್ಕುಪತ್ರವಿಲ್ಲದೆ ಬ್ಯಾಂಕ್ ಸಾಲ ಸಿಗುವುದಿಲ್ಲ, ಗಟ್ಟಿ ಮನೆ ಕಟ್ಟಲು ಧೈರ್ಯ ಬರುವುದಿಲ್ಲ. ಒಳನಾಡಿನ ಗಾಂಜೆ ಎಂಬ ಊರಿನ ಕಡೆ ಮಳೆ ಕೈಕೊಟ್ಟರೆ ನೀರಿಗೂ ಮೈಲಿಗಟ್ಟಲೆ ನಡೆಯಬೇಕು.

ಇನ್ನೂ ಕೆಟ್ಟದ್ದು ಇದೆ. ಇದೇ ಕರಾವಳಿಯ ಕಿಲಿಫಿ ಕಡೆ ಮುದುಕರನ್ನು ಮಾಟಗಾರರು ಎಂದು ಆರೋಪಿಸಿ ಕೊಲ್ಲುತ್ತಾರೆ. ಬಹಳ ಸಲ ಅದರ ಹಿಂದೆ ಜಮೀನಿನ ಜಗಳ ಇರುತ್ತದೆ. ತಲೆ ನರೆತದ್ದೇ ತಪ್ಪು ಅನ್ನುವಂತಾಗಿದೆ. ಇದನ್ನು ಸುಮ್ನೆ ಮೂಢನಂಬಿಕೆ ಎಂದು ತಳ್ಳಿಹಾಕಬೇಡಿ. ಹಿರಿಯರನ್ನು ಪೂಜಿಸುವ ಜನ ಇವರು. ಪೊಲೀಸರು ಕೊಲೆಗಾರರನ್ನು ಹಿಡಿಯಬೇಕು, ಸರ್ಕಾರ ಜಮೀನಿನ ಕಾಗದ ಕೊಡಬೇಕು.

ಡಿಯಾನಿಗೆ ಬೀಚ್ ನೋಡಲು ಬರುವವರು ಕಿನೊಂಡೊಗೂ ಅರ್ಧ ದಿನ ಇಡಿ. ಊರಿನವರೇ ಕಾಡು ತೋರಿಸುತ್ತಾರೆ. ಕಡಲ ಪಕ್ಕ ಸೈಟ್ ಸಿಗುತ್ತಾ ಎಂದು ಕೇಳುವ ಗೆಳೆಯರೇ, ಕಾಗದ ನೋಡುವ ಮೊದಲು ಆ ತೋಟದಲ್ಲಿ ಈಗ ಯಾರ ಮನೆಗಳಿವೆ ಎಂದು ನೋಡಿ.