ಹೆಂಡದ ರೊಟ್ಟಿ ಮತ್ತು ಅವ್ವನ ಕಂಕಣ

ಮಡಗಾಂವ್, 18 ಆಗಸ್ಟ್ 2019, ಭಾನುವಾರ

ಬೆಳಿಗ್ಗೆ ಪೊಯಿ, ಅಂದರೆ ಗೋವಾದ ತೌಡು ಮೆತ್ತಿದ ಪಾವ್, ಮುರಿದಾಗ ಬೆರಳಿಗೆ ತೌಡು ಅಂಟಲೇ ಇಲ್ಲ. ನಾನು ಬಾಲ್ಯದಲ್ಲಿ ತಿಂದ ಪೊಯಿಯ ಮೈಮೇಲೆ ಗೋಧಿ ತೌಡು ಎಷ್ಟಿರುತ್ತಿತ್ತೆಂದರೆ, ಶಾಲೆಯ ಅಂಗಿಯ ಮೇಲೆ ಅದು ಉದುರಿದ್ದಕ್ಕೆ ಬೈಸಿಕೊಳ್ಳದ ದಿನವೇ ಇರಲಿಲ್ಲ.

ಅಪ್ಪನ ನೌಕರಿಗಾಗಿ ಧಾರವಾಡ ಬಿಟ್ಟು ಬಂದ ನಾವು ಸಾಷ್ಟಿ ತಾಲ್ಲೂಕಿನ ಮಜೋರ್ಡಾದಲ್ಲಿದ್ದೆವು. ಪೋರ್ಚುಗೀಸರ ಕಾಲದಲ್ಲಿ ಜೆಸ್ವಿಟ್ ಪಾದ್ರಿಗಳಿಂದ ಗೋವಾದವರು ಪಾವ್ ಸುಡುವುದನ್ನು ಕಲಿತದ್ದು ಇದೇ ಊರಿನಲ್ಲಿ ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಯೀಸ್ಟ್ ಸಿಗದ ಆ ಕಾಲದಲ್ಲಿ ಹಿಟ್ಟು ಹುದುಗಿಸಲು ಬಳಸಿದ್ದು ತೆಂಗಿನ ಹೆಂಡ, ಅಂದರೆ ಸೂರ್. ಈ ಸಂಗತಿ ಅವ್ವನ ಕಿವಿಗೆ ಬಿದ್ದದ್ದೇ ತಡ, ಪಾವ್ ನಮ್ಮ ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ನಮಗೆ ಪಾವ್ ಸುಟ್ಟು ಮಾರುವ ಪೊದೇರ ಎಂದೋ ಯೀಸ್ಟಿಗೆ ಬದಲಾಗಿದ್ದಾನೆಂದು ಅಪ್ಪ ಎಷ್ಟು ಹೇಳಿದರೂ ಆಕೆ ನಂಬಲಿಲ್ಲ. ನಾನೂ ಅಪ್ಪನೂ ಜಗಲಿಯ ಮೆಟ್ಟಿಲ ಮೇಲೆ ಕೂತು, ಕಳ್ಳರಂತೆ ತಿನ್ನುತ್ತಿದ್ದೆವು.

ಸೈಕಲ್ಲಿನ ಹಾರ್ನು ಕೇಳುವವರೆಗೆ ಕಾಯಲಾರದೆ ನಾನು ಎಷ್ಟೋ ಸಲ ಪೊದೇರನ ಫೊರ್ನಿಗೇ, ಅಂದರೆ ಪಾವ್ ಸುಡುವ ಒಲೆಯ ಬಳಿಗೇ, ಓಡುತ್ತಿದ್ದೆ. ಜಂಬಿಟ್ಟಿಗೆಯ ಆ ಗುಮ್ಮಟದೊಳಗೆ ಸೌದೆ ಉರಿಸಿ, ಕೆಂಡವನ್ನು ಬದಿಗೆ ಎಳೆದು, ಒದ್ದೆ ಗೋಣಿಯಿಂದ ನೆಲ ಒರೆಸಿದ ಮೇಲೆ ಆತ ಒಂದು ಚಿಟಿಕೆ ಹಿಟ್ಟು ಒಳಗೆ ಎರಚುತ್ತಿದ್ದ. ಹಿಟ್ಟು ತಕ್ಷಣ ಕಪ್ಪಾದರೆ ಇನ್ನಷ್ಟು ಹೊತ್ತು ಕಾಯಬೇಕು. ನಿಧಾನವಾಗಿ ಕಂದಿದರೆ ಉದ್ದ ಹಿಡಿಯ ಹಲಗೆಯ ಮೇಲೆ ಗುಂಡಗಿನ ಉಂಡೊ, ಪೊಯಿ, ಕತ್ತರಿಯಿಂದ ಸೀಳಿದ ಕಾತ್ರೊ ಪಾವ್ ಸಾಲಾಗಿ ಒಳಗೆ ಹೋಗುತ್ತಿದ್ದವು. ಚಪ್ಪಟೆಯಾಗಿ ಹೋದ ಪೊಯಿ ಜೋಳದ ರೊಟ್ಟಿಯಂತೆಯೇ ಉಬ್ಬುತ್ತದೆ ಎಂದು ಅವ್ವನಿಗೆ ಹೇಳಿ ನೋಡಿದೆ; ಆ ಹೋಲಿಕೆಯಿಂದ ಆಕೆಯ ಸಿಟ್ಟು ಹೆಚ್ಚಿತಷ್ಟೆ.

ಒಂದು ಮಳೆಗಾಲ ಊರಿನಿಂದ ತಂದ ಜೋಳದ ಹಿಟ್ಟೆಲ್ಲ ಮುಗ್ಗಿಹೋಯಿತು. ಆಗ ಅವ್ವ ಒಪ್ಪಿದ್ದು ಬಳೆಯಾಕಾರದ ಗಟ್ಟಿ ಕಾಂಕೊಣನ್ನು ಮಾತ್ರ. ಹೆಸರು 'ಕಂಕಣ'ದಂತೆ ಕೇಳಿಸಿತೆಂದೋ, ಅಷ್ಟು ಒಣಗಿದ್ದರಲ್ಲಿ ಹೆಂಡ ಉಳಿದಿರಲಾರದೆಂಬ ತರ್ಕದಿಂದಲೋ, ಚಹಾದಲ್ಲಿ ಅದ್ದಿ ಒಂದು ತಿಂದಳು, ಮರುದಿನ ಎರಡು.

ಇಂದು ಪೊಯಿ ಕೊಟ್ಟವನು ಹಾವೇರಿ ಕಡೆಯ ಹುಡುಗ. ಗೋವಾದ ಎಷ್ಟೋ ಫೊರ್ನುಗಳಲ್ಲಿ ಈಗ ದುಡಿಯುವವರು ನಮ್ಮ ಕಡೆಯವರೇ. ಸೂರ್ ಹಾಕುತ್ತೀರಾ ಎಂದು ಕೇಳಿದ್ದಕ್ಕೆ ನಕ್ಕು, "ಮರ ಹತ್ತವ್ರು ಎಲ್ಲಿ ಅದಾರ್ರೀ?" ಎಂದ. ಅವ್ವನಿಗೆಂದು ನಾಲ್ಕು ಕಾಂಕೊಣ್ ಕಟ್ಟಿಸಿಕೊಂಡೆ. ಆಕೆಗೆ ಈಗ ಹಲ್ಲಿಲ್ಲ. ಚಹಾದಲ್ಲಿ ಇನ್ನಷ್ಟು ಹೊತ್ತು ನೆನೆಸಿಡಬೇಕಾಗುತ್ತದೆ.