ಗಾಡೀನೇ ಹಂಗ್ ಅದರೀ

ಈ ವಾರ ಕಲಬುರಗಿಯ ಹುಮನಾಬಾದ್ ರಸ್ತೆಯಲ್ಲಿ ಶಹಾಬಾದ್ ಕಲ್ಲು ಹೇರಿದ ಹಳೇ ಲಾರಿ ಮುಂದಿತ್ತು. ಕತ್ತಲಾಗಿತ್ತು. ಬ್ರೇಕ್ ತುಳಿದಾಗೆಲ್ಲ ಎಡಗಡೆಯ ಕೆಂಪು ದೀಪ ಜೋರಾಗಿ ಉರಿಯೋದು ಬಿಟ್ಟು ಆರಿದಂತಾಗೋದು, ಪಕ್ಕದ ಇಂಡಿಕೇಟರ್ ಮಿಣುಕೋದು. ಢಾಬಾದಲ್ಲಿ ನಿಂತಾಗ ಹೇಳಿದರೆ ಡ್ರೈವರ್ ತಣ್ಣಗೆ ಅಂದ: "ಬಲ್ಬ್ ಹೊಸಾದೇ ಹಾಕೀನ್ರೀ. ಗಾಡೀನೇ ಹಂಗ್ ಅದ."

ಯಾವ ಗಾಡಿಯೂ ಹಂಗಿರಂಗಿಲ್ಲ. ಇದು ಅರ್ಥಿಂಗ್ ಕಡಿದ ಗುರುತು. ಅರ್ಥಿಂಗ್ ಅಂದರೆ ಕರೆಂಟು ಚಾಸಿಯ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿನ, ಮೂಲಕ ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗುವ ದಾರಿ. 24 ವೋಲ್ಟ್ ಲಾರಿಯ 21/5 ವ್ಯಾಟ್ ಬಲ್ಬಿನಲ್ಲಿ ಬ್ರೇಕಿನ ತಂತು (ಒಳಗೆ ಉರಿಯುವ ಎಳೆ, 21 ವ್ಯಾಟ್), ಟೇಲಿನ ತಂತು (5 ವ್ಯಾಟ್) ಎರಡಕ್ಕೂ ಮೈನಸ್ ಒಂದೇ: ಬಲ್ಬಿನ ಲೋಹದ ಮೈ. ಆ ದಾರಿ ಮುಚ್ಚಿದರೆ ಕರೆಂಟು ವಾಪಸ್ ಹೋಗಲು ಸಂದಿ ಹುಡುಕುತ್ತದೆ. ಇಂಡಿಕೇಟರ್ ತಂತಿ ಹಿಡಿದು ಲಾರಿಯ ಮುಂಭಾಗದ ಇಂಡಿಕೇಟರ್ ಬಲ್ಬಿನ ಅರ್ಥಿಂಗ್‌ವರೆಗೂ ಓಡುತ್ತದೆ. ಮಿಣುಕು ಅದರದ್ದೇ.

ಬ್ಯಾಟರಿ ಮೈನಸ್ಸಿಗೆ ಉದ್ದ ತಂತಿ ಕಟ್ಟಿ ವೋಲ್ಟ್ ಅಳೆಯುವ ಮೀಟರಿನ ಕಪ್ಪು ಮುಳ್ಳಿಗೆ ಕೊಡಿ, ಕೆಂಪು ಮುಳ್ಳು ಬಲ್ಬ್ ಹೋಲ್ಡರಿನ ಮೈಗೆ ತಾಗಿಸಿ. ಟೇಲ್ ದೀಪ ಹಚ್ಚಿ, ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ. 0.2 ವೋಲ್ಟಿನೊಳಗಿದ್ದರೆ ಚಿಂತೆಯಿಲ್ಲ. 0.5 ದಾಟಿದರೆ ಎಲ್ಲೋ ತುಕ್ಕಿದೆ. ಹತ್ತು, ಹದಿನೈದು ತೋರಿಸಿದರೆ ಅರ್ಥಿಂಗ್ ಕಡಿದೇಹೋಗಿದೆ. ಈಗ ಕಪ್ಪು ಮುಳ್ಳನ್ನು ಚಾಸಿಯ ಕೆರೆದ ಕಬ್ಬಿಣಕ್ಕಿಡಿ: ಅಲ್ಲೂ ಅಷ್ಟೇ ತೋರಿಸಿದರೆ ದೋಷ ದೀಪಕ್ಕೂ ಚಾಸಿಗೂ ನಡುವೆ, ಇಳಿದರೆ ಚಾಸಿಯಿಂದ ಬ್ಯಾಟರಿಗೆ ಹೋಗುವ ಕಡೆ.

ಒಂದು ಬದಿಯ ಬ್ರೇಕು, ಟೇಲು, ಇಂಡಿಕೇಟರ್ ಸೇರಿ ಹೆಚ್ಚೆಂದರೆ 2 ಆಂಪ್. ಆದರೆ ತುಕ್ಕು 2 ಓಮ್ ತಡೆ ಒಡ್ಡಿದರೂ ಹತ್ತಿರ ಹತ್ತಿರ 4 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಎಲೆಕ್ಟ್ರಿಷಿಯನ್ ಅನ್ನಿಸಿಕೊಂಡ ಕೆಲವರು ಕ್ಯಾಬಿನ್ನಿಂದ ಹಿಂದಿನವರೆಗೂ ಹೊಸ ತಂತಿ ಎಳೆದು ದುಡ್ಡು ಎಣಿಸಿಕೊಳ್ಳುತ್ತಾರೆ. ಎಳೆದದ್ದು ಪ್ಲಸ್ಸು, ಇಲ್ಲದ್ದು ಮೈನಸ್ಸು!

ಡ್ರೈವರನನ್ನು ಬೈಯಲು ಮನಸ್ಸಿಲ್ಲ. ಬಲ್ಬಿಗೆ ಅವನೇ ಜೇಬಿನಿಂದ ಕೊಟ್ಟಿರುತ್ತಾನೆ. ಮಾಲೀಕನ ಖರ್ಚೆಲ್ಲ ಬಣ್ಣಕ್ಕೆ. 8 ವರ್ಷ ದಾಟಿದ ಲಾರಿಗೆ ವರ್ಷಕ್ಕೊಮ್ಮೆ ಫಿಟ್ನೆಸ್ ಸರ್ಟಿಫಿಕೇಟ್ ಬೇಕಲ್ಲ, ಅದಕ್ಕೂ ಮುಂಚೆ ದೀಪ ಬಿಚ್ಚಿ ಬ್ರಾಕೆಟ್ಟು, ಬೋಲ್ಟು, ವಾಶರ್ ಎಲ್ಲದಕ್ಕೂ ಪೇಂಟ್ ಬಳಿಯುತ್ತಾರೆ. ಪೇಂಟಿನ ಮೇಲೆ ಬಿಗಿದ ಬೋಲ್ಟಿನಲ್ಲಿ ಕರೆಂಟು ಹಾಯುವುದಿಲ್ಲ. ಬಾಡಿ ಕಟ್ಟಿಗೆಯದಾದರೆ ಕೇಳಲೇಬೇಡಿ, ಇರುವ ಒಂದೇ ಅರ್ಥಿಂಗ್ ತಂತಿಯೇ ಗತಿ. ಅದೂ ಕಲ್ಲಿನ ಧೂಳು, ಗಾಲಿ ಸಿಡಿಸುವ ಕೆಸರಿನ ಬಾಯಲ್ಲಿ. "ಗಾಡೀನೇ ಹಂಗ್ ಅದ" ಅಂದವನಿಗೆ ಹಾಗೆ ಮಾಡಿಟ್ಟವರ ಪರಿಚಯವೂ ಇದ್ದೀತು.

ಮಾಡಬೇಕಾದ್ದು: ಎರಡೂ ಬದಿಯ ಹೋಲ್ಡರಿನಿಂದ ಒಂದೊಂದು 1.5 ಚದರ ಮಿ.ಮೀ. ತಂತಿಯನ್ನು ನೇರ ಚಾಸಿಗೆ ತನ್ನಿ. ತಿರುಚಿ ಟೇಪು ಸುತ್ತಬೇಡಿ, ತುದಿಗೆ ರಿಂಗ್ ಟರ್ಮಿನಲ್ ಒತ್ತಿಸಿ. ಬೋಲ್ಟಿನ ಸುತ್ತ ಕಬ್ಬಿಣ ಬೆಳ್ಳಗೆ ಹೊಳೆಯುವಷ್ಟು ಕೆರೆದು, ಹಲ್ಲಿನ ವಾಶರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಬಳಿಯಿರಿ. ಹೋಲ್ಡರಿನ ಒಳಗೋಡೆಗೂ ಸ್ಯಾಂಡ್ ಪೇಪರ್ ಆಡಿಸಿ. ಎರಡು ತಂತುವಿನ ಬಲ್ಬಿನ ಪಿನ್ನುಗಳು ಒಂದೇ ಎತ್ತರದಲ್ಲಿರದೆ ಮೇಲೆ ಕೆಳಗೆ ಇರುತ್ತವೆ. ಒತ್ತಾಯದಿಂದ ತಿರುಗಿಸಿ ಕೂರಿಸಿದರೆ ಬ್ರೇಕೂ ಟೇಲೂ ಅದಲುಬದಲಾಗುತ್ತವೆ. ಟೇಲ್ ದೀಪ ಹಚ್ಚಿಟ್ಟುಕೊಂಡೇ ಬ್ರೇಕ್ ಒತ್ತಿ ನೋಡಿ, ಆಮೇಲೆ ಇಂಡಿಕೇಟರ್ ಹಾಕಿ. ಒಂದೊಂದನ್ನೇ ಹಚ್ಚಿ ನೋಡಿದರೆ ಈ ದೋಷ ಎಷ್ಟೋ ಸಲ ಕಣ್ಣಿಗೇ ಬೀಳುವುದಿಲ್ಲ.