ಒಂಬತ್ತು ಗಂಟೆಯ ಮಾತ್ರೆ

ಅಣ್ಣನಿಗೆ ಅಮ್ಮನ ಕಿಡ್ನಿ ಹಾಕಿ ಎರಡು ವರ್ಷವಾಗಿತ್ತು. ಬೆಳಿಗ್ಗೆ ಒಂಬತ್ತು, ರಾತ್ರಿ ಒಂಬತ್ತು: ಹೊಸ ಕಿಡ್ನಿಯನ್ನು ಕಾಪಾಡುವ ಟ್ಯಾಕ್ರೊಲಿಮಸ್ ಮಾತ್ರೆ ಒಂದು ದಿನವೂ ತಪ್ಪಿಸಿದವನಲ್ಲ. ಅಂಥವನು ಆ ಭಾನುವಾರ ಅಲಾರಂ ಹೊಡೆದರೂ ಡಬ್ಬಿಯನ್ನು ತಿರುವಿ ತಿರುವಿ ನೋಡುತ್ತಾ ಕೂತಿದ್ದ. "ಇದನ್ನ ಹೇಗೆ ತೆಗೆಯೋದು?" ಅಂದ. ತಮಾಷೆ ಅಂದುಕೊಂಡೆ. ಆಮೇಲೆ ನನ್ನನ್ನು ಚಿಕ್ಕಪ್ಪನ ಹೆಸರಿಂದ ಕರೆದ.

ವಾರದ ಹಿಂದೆ ಅವನ ಪಕ್ಕೆಯ ಮೇಲೆ ಸರ್ಪಸುತ್ತು ಎದ್ದಿತ್ತು. ಪಕ್ಕದ ಮನೆ ಅಜ್ಜಿ ಹೇಳಿದರು ಅಂತ ಕೆಮ್ಮಣ್ಣು ಹಚ್ಚಿ ಸುಮ್ನಿದ್ದೆವು. ಚೆಕಪ್ ಹೇಗೂ ಹತ್ತಿರದಲ್ಲೇ ಇತ್ತಲ್ಲ! ನಮ್ಮ ಕಣ್ಣೆಲ್ಲ ಕಿಡ್ನಿ ಮೇಲೆ. ಕಿಡ್ನಿ ಹೇಗಿದೆ ಅಂತ ಹೇಳುವ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.2 ಅಂದರೆ ಮನೆಯಲ್ಲಿ ಹಬ್ಬ. ಜ್ವರವೂ ಅಷ್ಟಾಗಿ ಇರಲಿಲ್ಲ, 99. ಅಣ್ಣನ ಹಾಗೆ ಸ್ಟೆರಾಯ್ಡ್ ತಗೊಳ್ಳೋರಲ್ಲಿ ಜ್ವರ ಮುಚ್ಚಿಹೋಗಬಹುದು ಅಂತ ಆಮೇಲೆ ಗೊತ್ತಾಯಿತು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಮಂಡಿಯನ್ನು ಎದೆಗೆ ಮಡಚಿ, ಒಂದು ಮಗ್ಗುಲಿಗೆ ಮಲಗಿಸಿ ಬೆನ್ನಿನ ನೀರು ತೆಗೆದರು. ಪುಟ್ಟ ಸೀಸೆಗಳಲ್ಲಿ ತಿಳಿಯಾದ ನೀರು. ಇದರಲ್ಲಿ ಏನಿದ್ದೀತು ಅನ್ನಿಸಿತು. ವೈರಸ್ ಹುಡುಕುವ ಪಿಸಿಆರ್ ಪರೀಕ್ಷೆಯ ರಿಪೋರ್ಟ್ ಬರುವ ಮೊದಲೇ, ವೈರಸ್ಸಿಗೆ ಕೊಡುವ ಅಸೈಕ್ಲೊವಿರ್ ಔಷಧಿಯ ಡ್ರಿಪ್ ಶುರು ಮಾಡಿದ್ದರು. ರಿಪೋರ್ಟ್ ಅವರ ಅನುಮಾನವನ್ನೇ ಹೇಳಿತು: ಸೀತಾಳೆ ಸಿಡುಬಿನ ವೈರಸ್, ಮಿದುಳಿನಲ್ಲಿ.

ಅಣ್ಣನಿಗೆ ಆರನೇ ವಯಸ್ಸಿನಲ್ಲಿ 'ಅಮ್ಮ' ಆಗಿತ್ತು. ಬೇವಿನ ಸೊಪ್ಪು ಹಾಕಿ ಸ್ನಾನ ಮಾಡಿಸಿ, ಹೋಯ್ತು ಅಂದುಕೊಂಡಿದ್ದೆವು. ಅದು ಹೋಗಿರಲಿಲ್ಲ. ನರಗಳ ಬುಡದಲ್ಲಿ ಇಷ್ಟು ವರ್ಷ ಕೂತಿತ್ತು. ಪಕ್ಕೆಯ ಮೇಲೆ ಸರ್ಪಸುತ್ತಾಗಿ ಎದ್ದಿದ್ದೂ ಅದೇ. ಅಮ್ಮನ ಕಿಡ್ನಿಯನ್ನು ಮೈ ತಿರಸ್ಕರಿಸದಿರಲಿ ಅಂತ ಕೊಟ್ಟ ಮಾತ್ರೆಗಳೇ ಮೈಯ ರೋಗನಿರೋಧಕ ಶಕ್ತಿ ತಗ್ಗಿಸಿ ಅದಕ್ಕೆ ದಾರಿ ಬಿಟ್ಟಿದ್ದವು.

ಡಾಕ್ಟರು ಅವುಗಳಲ್ಲಿ ಒಂದನ್ನು ನಿಲ್ಲಿಸಿದಾಗ ಅಮ್ಮ, "ಹಂಗಾದ್ರೆ ನಂದು ಉಳಿಯತ್ತಾ ಡಾಕ್ಟ್ರೇ?" ಅಂದರು. ಕಿಡ್ನಿಯನ್ನು ಅವರು ಈಗಲೂ 'ನಂದು' ಅಂತಲೇ ಕರೆಯೋದು. ಅಸೈಕ್ಲೊವಿರ್ ಕೂಡ ಕಿಡ್ನಿಯಲ್ಲಿ ಹರಳುಗಟ್ಟಬಹುದಂತೆ. ಅದಕ್ಕೇ ಎಂಟು ಗಂಟೆಗೊಮ್ಮೆ ಔಷಧಿ, ಜೊತೆಗೆ ಸಲೈನ್, ಪ್ರತಿ ಸಲದ ಮೂತ್ರಕ್ಕೂ ಅಳತೆ. ಪ್ಲಾಸ್ಟಿಕ್ ಜಗ್ಗನ್ನು ಕಿಟಕಿ ಬೆಳಕಿಗೆ ಹಿಡಿದು, ಹಾಲಿನವನ ಲೆಕ್ಕ ಬರೆಯೋ ಹಾಗೆ ಅಮ್ಮ ಬರೆದಿಡುತ್ತಿದ್ದರು: 300, 250, 400.

ಮೂರು ವಾರ ಆದಮೇಲೆ ಮನೆಗೆ ಬಂದೆವು. ಕಿಡ್ನಿ ಉಳಿಯಿತು. ಅಣ್ಣನಿಗೆ ಈಗಲೂ ಕೆಲವು ಪದ ತಟ್ಟನೆ ಸಿಗೋದಿಲ್ಲ. ಮೈಮೇಲೆ ಒಂದು ಗುಳ್ಳೆ ಕಂಡರೂ ಡಾಕ್ಟರಿಗೆ ಫೋನ್ ಹೋಗುತ್ತದೆ. ಮಾತ್ರೆ ಡಬ್ಬಿ ನನ್ನ ಹತ್ತಿರ ಇದೆ. ದಿನಾ ಒಂಬತ್ತಕ್ಕೆ ಕೊಡುವಾಗ, "ನಾನ್ಯಾರು ಹೇಳು" ಅಂತೀನಿ. ಸಿಟ್ಟು ಬಂದ ದಿನ ಬೇಕಂತಲೇ ಚಿಕ್ಕಪ್ಪನ ಹೆಸರು ಹೇಳುತ್ತಾನೆ.